ಮಧ್ಯಸ್ಥಿಕೆಯ ಬೆಲೆ ಮತ್ತು ಫಲ

‘ಇಬ್ಬರ ಜಗಳ ಮೂರನೆಯವನಿಗೆ ಲಾಭ’ ಎಂಬುದು ಜನಜನಿತವಾದ ಗಾದೆ. ಆದರೆ ಹೊಲದ ಬದುವಿಗಾಗಿ ದಾಯಾದಿಗಳು ಕೊಡಲಿ ಎತ್ತಿದಾಗ ನಡುವೆ ಬಂದು ನಿಲ್ಲುವ ಹಿರಿಯನೂ ಮೂರನೆಯವನೇ ಅಲ್ಲವೆ? ರಾಷ್ಟ್ರಗಳ ಕಲಹದಲ್ಲಿಯೂ ಈ ಎರಡು ಬಗೆಯವರುಂಟು. ನಮ್ಮ ಭಾಷೆಯು ಇವರ ಕಾರ್ಯಗಳಿಗೆ ಬೇರೆ ಬೇರೆ ಹೆಸರನ್ನಿತ್ತಿದೆ. ಹಸ್ತಕ್ಷೇಪವೆಂದರೆ ಅನ್ಯರ ವ್ಯವಹಾರದಲ್ಲಿ ಕೈಹಾಕುವುದು. ಮಧ್ಯಸ್ಥಿಕೆಯೆಂದರೆ ಯಾರ ಕಡೆಗೂ ವಾಲದೆ ನಡುವೆ ನಿಲ್ಲುವುದು. ಇವುಗಳ ಗುಣದೋಷಗಳನ್ನರಿಯಲು ಕನ್ನಡನಾಡಿನವರೇ ಆದ ಜನರಲ್ ಕೆ. ಎಸ್. ತಿಮ್ಮಯ್ಯನವರ ಜೀವಿತವನ್ನು ವಿದ್ಯಾರ್ಥಿಗಳು ಅಭ್ಯಸಿಸಬೇಕು.

ತಿಮ್ಮಯ್ಯನವರು 1906ರಲ್ಲಿ ಮಡಿಕೇರಿಯಲ್ಲಿ ಜನಿಸಿದರು. 1953ರ ಜುಲೈ 27ರಂದು ಕೊರಿಯದಲ್ಲಿ ಕದನವಿರಾಮವಾದಾಗ, ಸ್ವದೇಶಕ್ಕೆ ಮರಳಲೊಲ್ಲೆವೆಂದ ಸುಮಾರು 22,600 ಚೀನೀ ಹಾಗೂ ಉತ್ತರ ಕೊರಿಯದ ಯುದ್ಧಕೈದಿಗಳ ಗತಿಯೇನೆಂಬ ಪ್ರಶ್ನೆ ಉಳಿದಿತ್ತು. ಇದೊಂದೇ ಪ್ರಶ್ನೆಯಿಂದ ಸಂಧಾನವು ವರ್ಷಕ್ಕೂ ಮಿಕ್ಕಿ ವಿಳಂಬಗೊಂಡಿತ್ತು. ಇದಕ್ಕಾಗಿ ನೇಮಕವಾದ ಐದು ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಯಾವ ಕೈದಿಯನ್ನೂ ಬಲಾತ್ಕಾರದಿಂದ ಕಳುಹಿಸಬಾರದೆಂಬ ನಿಯಮವನ್ನು ಅವರು ಕಾಪಾಡಿದರು. ಎರಡೂ ಪಕ್ಷಗಳು ಅಸಮಾಧಾನಗೊಂಡವು. ಆದರೆ ಕದನ ಮತ್ತೆ ಹೊತ್ತಿಕೊಳ್ಳಲಿಲ್ಲ. ಯಾವ ಕಡೆಗೂ ಹೋಗಲೊಲ್ಲದ 88 ಜನರು 1954ರಲ್ಲಿ ಭಾರತಕ್ಕೆ ಬಂದರು.

1964ರ ಮಾರ್ಚ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಸೈಪ್ರಸ್ ದ್ವೀಪಕ್ಕೆ ಶಾಂತಿಪಾಲನಾ ಪಡೆಯನ್ನು ಕಳುಹಿಸಲು ನಿರ್ಣಯಿಸಿತು. ಅದೇ ವರ್ಷ ಆ ಪಡೆಯ ನಾಯಕತ್ವವನ್ನು ವಹಿಸಿದ ತಿಮ್ಮಯ್ಯನವರು 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ಅಲ್ಲಿ ನಿಧನ ಹೊಂದಿದರು. ಆ ಪಡೆಯು ಗ್ರೀಕ್ ಮತ್ತು ತುರ್ಕಿ ಜನಾಂಗಗಳ ನಡುವಣ ಕೊಲೆಗಳನ್ನು ಬಹುಮಟ್ಟಿಗೆ ತಡೆಯಿತಾದರೂ ಮನಸ್ತಾಪವನ್ನು ಅಳಿಸಲಾರದಾಯಿತು. 1974ರಲ್ಲಿ ತುರ್ಕಿಯ ಸೈನ್ಯವು ನುಗ್ಗಿತು, ದ್ವೀಪವು ಇಬ್ಭಾಗವಾಯಿತು. ಶಾಂತಿಪಡೆಯು ಇಂದಿಗೂ ಅಲ್ಲಿಯೇ ಇದೆ. ಗಾಯವನ್ನು ಕಟ್ಟಿದ ಬಟ್ಟೆಯು ಒಳಗಿನ ಕೀವನ್ನು ತೆಗೆಯಲಾರದು.

ಮಧ್ಯಸ್ಥನು ಪಕ್ಷಗಾರನಾದರೆ ಹಾನಿಯು ಇನ್ನೂ ಹೆಚ್ಚು. 1987ರಲ್ಲಿ ಒಪ್ಪಂದದಂತೆ ಶ್ರೀಲಂಕೆಗೆ ತೆರಳಿದ ಭಾರತೀಯ ಶಾಂತಿಪಡೆಯು ಯಾರನ್ನು ರಕ್ಷಿಸಹೋಗಿತ್ತೋ ಅವರ ನಡುವಿನ ಹೋರಾಟಗಾರರೊಡನೆಯೇ ಯುದ್ಧಕ್ಕಿಳಿಯಬೇಕಾಯಿತು. 1990ರಲ್ಲಿ ಮರಳುವಷ್ಟರಲ್ಲಿ ಸುಮಾರು 1,200 ಯೋಧರು ಮಡಿದಿದ್ದರು. ಅಲ್ಲಿಯ ನಿರಪರಾಧಿ ನಾಗರಿಕರೂ ಅಳಿದರು.

ಹಾಗಾದರೆ ಪರರ ಗೊಡವೆಯೇ ಬೇಡವೆನ್ನೋಣವೆ? 1994ರಲ್ಲಿ ರುವಾಂಡದಲ್ಲಿ ಹತ್ಯಾಕಾಂಡ ನಡೆಯುತ್ತಿರುವಾಗಲೇ ಭದ್ರತಾ ಮಂಡಳಿಯು ಅಲ್ಲಿದ್ದ ತನ್ನ ಪಡೆಯನ್ನು ಕುಗ್ಗಿಸಿತು. ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರು ಹತರಾದರು. ಕೈಕಟ್ಟಿ ಕುಳಿತುದಕ್ಕೂ ಬೆಲೆಯುಂಟೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಆದುದರಿಂದ ಮಧ್ಯಸ್ಥಿಕೆಯನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಉಭಯ ಪಕ್ಷಗಳ ಸಮ್ಮತಿಯಿದೆಯೆ? ಕಾರ್ಯವು ಕೊರಿಯದಲ್ಲಿದ್ದಂತೆ ಸ್ಪಷ್ಟವಾಗಿದೆಯೆ? ಹೋದವರು ಮರಳುವ ದಾರಿ ನಿಶ್ಚಿತವಾಗಿದೆಯೆ? ಸಮ್ಮತಿಯಿಲ್ಲದಿದ್ದರೂ ನಿರಾಯುಧರ ಸಾಮೂಹಿಕ ಹತ್ಯೆ ನಡೆಯುತ್ತಿರುವಲ್ಲಿ ಮಾತ್ರ ಸುಮ್ಮನಿರುವುದು ಧರ್ಮವಲ್ಲ.

ಬೆಳಗಾವಿ ಸೀಮೆಯ ಅನೇಕ ಮನೆಗಳ ಮಕ್ಕಳು ಸೈನ್ಯದಲ್ಲಿದ್ದಾರೆ. ದೂರದ ರಾಜಧಾನಿಗಳಲ್ಲಿ ನಿರ್ಣಯವಾಗುವ ಮಧ್ಯಸ್ಥಿಕೆಯ ಬೆಲೆಯನ್ನು ಕೊನೆಗೆ ತೆರುವವರು ಇಂಥ ಮನೆಗಳವರು. ನಾಳೆ ಮತದಾರರಾಗಿ, ಅಧಿಕಾರಿಗಳಾಗಿ, ಯೋಧರಾಗಿ ನಿಲ್ಲಲಿರುವ ವಿದ್ಯಾರ್ಥಿಗಳು ಈ ಮೂರು ಪ್ರಶ್ನೆಗಳನ್ನು ಮರೆಯದಿರಲಿ.