ದಿ ಪ್ರಿಂಟರ್ಸ್ (ಮೈಸೂರು): 1948ನೆಯ ವರ್ಷ

ಭೀಮನಬೀಡಿನಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಕುಳಿತು ಪರೀಕ್ಷೆಗೆ ಸಿದ್ಧರಾಗುವವರು, ಕನ್ನಡನಾಡಿನ ಈ ಬೃಹತ್ ಮಾಧ್ಯಮಸಂಸ್ಥೆಯ ಪ್ರಥಮ ವರ್ಷವನ್ನು ದಿನಾಂಕಕ್ರಮಸಹಿತವಾಗಿ ಕಂಠಸ್ಥಗೊಳಿಸುವುದು ಶ್ರೇಯಸ್ಕರ.

1. ಸ್ಥಾಪಕರು: ಕೆ.ಎನ್. ಗುರುಸ್ವಾಮಿ. ಕೇಂದ್ರಸ್ಥಾನ: ಬೆಂಗಳೂರು. ಹೆಸರಿನಲ್ಲಿ 'ಮೈಸೂರು' ಎಂದಿರುವುದರಿಂದ ಮೈಸೂರು ನಗರವೆಂದು ಉತ್ತರಿಸಲಾಗದು.

2. ಪತ್ರಿಕೆಗಳ ಆರಂಭ: ಜೂನ್ 17: ಆಂಗ್ಲಪತ್ರಿಕೆ 'ಡೆಕ್ಕನ್ ಹೆರಾಲ್ಡ್', ಅಕ್ಟೋಬರ್ 15: ಕನ್ನಡ ಪತ್ರಿಕೆ 'ಪ್ರಜಾವಾಣಿ'. ಕನ್ನಡದ ಸಂಸ್ಥೆಯಾದುದರಿಂದ ಕನ್ನಡ ಪತ್ರಿಕೆಯೇ ಮೊದಲು ಹೊರಬಂದಿರಬೇಕೆಂಬ ಸಹಜವಾದ ಊಹೆಯಿಂದ ಎಷ್ಟೋ ಮಂದಿ ಮೇಧಾವಿಗಳೂ ಈ ಕ್ರಮವನ್ನು ತಿರುವುಮುರುವುಗೊಳಿಸಿ ಅಂಕವನ್ನು ಕಳೆದುಕೊಳ್ಳುವರು. ವಾಸ್ತವದಲ್ಲಿ ಆಂಗ್ಲಪತ್ರಿಕೆಯೇ ಸುಮಾರು ನಾಲ್ಕು ತಿಂಗಳು ಹಿರಿಯದು.

3. ಈ ಎರಡು ಪತ್ರಿಕೆಗಳ ಪ್ರಥಮ ಸಂಪಾದಕರು: ಕ್ರಮವಾಗಿ ಪೋತನ್ ಜೋಸೆಫ್, ಬಿ. ಪುಟ್ಟಸ್ವಾಮಯ್ಯ. ಎರಡನೆಯವರು 'ಕ್ರಾಂತಿ ಕಲ್ಯಾಣ' ಕಾದಂಬರಿಗಾಗಿ 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದವರಾದುದರಿಂದ, ಸಾಹಿತ್ಯವಿಭಾಗದಲ್ಲಿಯೂ ಇವರ ಹೆಸರು ಎದುರಾದೀತು.

4. ಇದೇ ಸಂಸ್ಥೆಯ ಪತ್ರಿಕೆಗಳಾದರೂ ಅದೇ ವರ್ಷದವಲ್ಲ: 'ಸುಧಾ' (1965), 'ಮಯೂರ' (1968).

5. ಕನ್ನಡದ ಮೊದಲ ಪತ್ರಿಕೆ 'ಪ್ರಜಾವಾಣಿ'ಯಲ್ಲ. ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ 'ಮಂಗಳೂರ ಸಮಾಚಾರ' (1843, ಜುಲೈ 1).

6. ಸ್ಥಳೀಯ ಸೂಚನೆ: 1948ರಲ್ಲಿ ಗುಂಡ್ಲುಪೇಟೆಯು ಮೈಸೂರು ಜಿಲ್ಲೆಗೆ ಸೇರಿದ್ದಿತು, ಅದು ಈಗ ಸೇರಿರುವ ಚಾಮರಾಜನಗರ ಜಿಲ್ಲೆಯ ರಚನೆ 1997.