ಸೇನೆಯ ಮೀಟರು, ರಾಜ್ಯದ ಕರೆಂಟು

ಮೈಸೂರಿನ ಯಾದವಗಿರಿಯಲ್ಲಿ ಇರುವವರು ಸೇನೆಗೂ ರಾಜ್ಯದ ಕರೆಂಟಿಗೂ ಇರುವ ನಂಟಿನ ಪಾಠ ಶುರುಮಾಡಲು ದೂರ ಹೋಗಬೇಕಿಲ್ಲ. ಮನೆಯ ಕರೆಂಟ್ ಬಿಲ್ಲನ್ನೇ ತೆಗೆದು ನೋಡಿ. (ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾದವರು ಹಳೆಯದೊಂದನ್ನು ಹುಡುಕಬೇಕು.) ಯೂನಿಟ್ಟಿನ ಶುಲ್ಕದ ಕೆಳಗೆ ಶೇ. 9ರ ತೆರಿಗೆಯ ಸಾಲಿದೆ. ಆ ಹಣ ಬಿಲ್ಲು ಕೊಡುವ ಸರಬರಾಜು ಕಂಪನಿ ಸೆಸ್ಕ್‌ನದಲ್ಲ, ರಾಜ್ಯದ ಬೊಕ್ಕಸದ್ದು. ಬಡಾವಣೆಯ ಪಕ್ಕದಲ್ಲೇ ರೈಲು ನಿಲ್ದಾಣವಿದೆಯಲ್ಲ, ಅಲ್ಲಿಂದ ಹೊರಡುವ ರೈಲು ಎಳೆದುಕೊಳ್ಳುವ ವಿದ್ಯುತ್ತಿಗೆ ಈ ತೆರಿಗೆ ಇಲ್ಲ. ಸೇನೆಯ ಶಿಬಿರಕ್ಕೂ ಇಲ್ಲ. ಕೇಂದ್ರ ಸರ್ಕಾರ ಬಳಸುವ ವಿದ್ಯುತ್ತಿಗೆ, ಸಂಸತ್ತು ಬೇರೆ ಕಾನೂನು ಮಾಡದ ಹೊರತು, ರಾಜ್ಯ ತೆರಿಗೆ ಹಾಕುವಂತಿಲ್ಲ ಎನ್ನುತ್ತದೆ ಸಂವಿಧಾನದ 287ನೇ ವಿಧಿ. ರಾಜ್ಯದ ಇಂಧನ ನೀತಿಯೂ ಸೇನೆಯ ಅಗತ್ಯವೂ ಮೊದಲು ಎದುರಾಗುವುದು ಇಂಥ ಒಣ ಕಾನೂನಿನ ಸಾಲಿನಲ್ಲಿ.

ಕಾನೂನಿನ ಮಾತನ್ನು ಇನ್ನಷ್ಟು ಹೇಳಿ ಮುಗಿಸುತ್ತೇನೆ. ರಕ್ಷಣೆ ಕೇಂದ್ರ ಪಟ್ಟಿಯ ಮೊದಲ ವಿಷಯ. ವಿದ್ಯುತ್ತು ಸಮವರ್ತಿ ಪಟ್ಟಿಯ 38ನೆಯದು, ಅಂದರೆ ಕೇಂದ್ರಕ್ಕೂ ರಾಜ್ಯಕ್ಕೂ ಅದರ ಮೇಲೆ ಅಧಿಕಾರವಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 184ನೇ ಕಲಂ ಪ್ರಕಾರ ರಕ್ಷಣೆ, ಅಣುಶಕ್ತಿ ಮುಂತಾದ ಇಲಾಖೆಗಳನ್ನು ಕೇಂದ್ರವು ಅಧಿಸೂಚನೆ ಹೊರಡಿಸಿ ಆ ಕಾಯ್ದೆಯಿಂದಲೇ ಹೊರಗಿಡಬಹುದು. ಇದನ್ನೆಲ್ಲ ಓದಿದವರಿಗೆ ಸೇನೆ ರಾಜ್ಯದ ಗೊಡವೆಯೇ ಇಲ್ಲದೆ ಬದುಕುತ್ತದೆ ಎನ್ನಿಸಬಹುದು. ಹಾಗಲ್ಲ. ದಿನನಿತ್ಯದ ಕರೆಂಟು ಸಾಮಾನ್ಯವಾಗಿ ಬರುವುದು ನಮ್ಮದೇ ವಿದ್ಯುತ್ ಸರಬರಾಜು ಕಂಪನಿಗಳ, ಅಂದರೆ ಎಸ್ಕಾಂಗಳ, ತಂತಿಯಿಂದ. ಡೀಸೆಲ್ ಜನರೇಟರು ಆಪತ್ಕಾಲಕ್ಕೆ ಮಾತ್ರ.

ವ್ಯವಸ್ಥೆ ಹೇಗಿದೆ? ಮಿಲಿಟರಿ ಎಂಜಿನಿಯರ್ ಸರ್ವಿಸಸ್, ಎಲ್ಲರೂ ಎಂಇಎಸ್ ಎನ್ನುವ 1923ರ ಸಂಸ್ಥೆ, ಸೇನೆಯ ಕಟ್ಟಡ, ನೀರು, ವಿದ್ಯುತ್ತು ನೋಡಿಕೊಳ್ಳುತ್ತದೆ. ಅದು ಗೇಟಿನ ಹತ್ತಿರ ಎಚ್‌ಟಿ (ಹೈಟೆನ್ಷನ್) ಸಂಪರ್ಕ ಪಡೆದು, ಒಂದೇ ಮೀಟರಿಗೆ ಹಣ ಕಟ್ಟಿ, ಒಳಗಿನ ಮನೆ, ಆಸ್ಪತ್ರೆ, ವರ್ಕ್‌ಶಾಪುಗಳಿಗೆ ತಾನೇ ಹಂಚುತ್ತದೆ. ದೊಡ್ಡ ಅಪಾರ್ಟ್‌ಮೆಂಟಿನ ಸಂಘ ಮಾಡುವ ಹಾಗೆ ಅಂದುಕೊಳ್ಳಿ. ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಎಂಇಎಸ್‌ನ ಗ್ಯಾರಿಸನ್ ಎಂಜಿನಿಯರ್ ಹೊಣೆ. ಗೇಟಿನ ಹೊರಗೆ ಫೀಡರ್ ಬಿದ್ದರೆ ಎಸ್ಕಾಂನ ಲೈನ್‌ಮನ್ ಬರಬೇಕು. ಮಳೆಗಾಲದಲ್ಲಿ ಮರ ಬೀಳುವುದು ಹೆಚ್ಚಾಗಿ ಗೇಟಿನ ಹೊರಗೇ.

ಸೇನೆಗೂ ವಿದ್ಯುತ್ತಿಗೂ ಇರುವ ಈ ನಂಟು ಹೊಸದೇನಲ್ಲ. ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಒಯ್ಯುವ ಯೋಜನೆ ಮುಂದಿಟ್ಟ ಜೋಲಿ ಡಿ ಲಾಟ್ಬಿನಿಯರ್ ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ಪಡೆಯ ಅಧಿಕಾರಿ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಒಪ್ಪಿದರು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರಕ್ಕೆ ವಿದ್ಯುತ್ತು ಹರಿಯಿತು. ಮುಂದೆ 1940ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿದ್ದೂ ಸಂಸ್ಥಾನದ ಪಾಲುದಾರಿಕೆಯಲ್ಲೇ. ಆ ಹೊತ್ತಿಗೆ ಮೈಸೂರಿನ ಬಳಿ ಸುಮಾರು ನಾಲ್ಕು ದಶಕಗಳ ಜಲವಿದ್ಯುತ್ತಿನ ಅನುಭವವಿತ್ತು.

ಈಗಿನ ನಿಜವಾದ ಪಾಠಶಾಲೆ ಕಾರವಾರ. ಅಲ್ಲಿ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಆ ನೆಲೆ, ಐಎನ್‌ಎಸ್ ಕದಂಬ, 2005ರ ಮೇ 31ರಂದು ಸೇವೆಗೆ ಸೇರಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆ ಅದೇ. ಹಡಗು ದಕ್ಕೆಗೆ ಬಂದು ನಿಂತಾಗ ಎಂಜಿನ್ ಆರಿಸಿದರೂ ದೀಪ, ಪಂಪು, ಶೀತಲ ಯಂತ್ರ ನಡೆಯಬೇಕಲ್ಲ? ಅದಕ್ಕೆ ದಡದಿಂದ ಕೇಬಲ್ ಕೊಡುತ್ತಾರೆ. ಅದೇ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳಿವೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳೂ ಇವೆ. ಪಕ್ಕದಲ್ಲೇ ಇಷ್ಟು ಕರೆಂಟು ಇರುವಾಗ ನೌಕಾನೆಲೆಗೆ ಏನು ಕೊರತೆ ಎಂದು ಹೊಸಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಆದರೆ ವಿದ್ಯುತ್ತಿನ ಲೆಕ್ಕ ಹಾಗೆ ನಡೆಯುವುದಿಲ್ಲ. ಕೈಗಾದ ಉತ್ಪಾದನೆ ದಕ್ಷಿಣದ ಗ್ರಿಡ್ ಸೇರಿ ಹಲವು ರಾಜ್ಯಗಳಿಗೆ ಹಂಚಿಹೋಗುತ್ತದೆ. ಗ್ರಿಡ್ ಕುಸಿದರೆ ಅಣು ಸ್ಥಾವರವೂ ಅದರಿಂದ ಕಳಚಿಕೊಳ್ಳುತ್ತದೆ. 2012ರ ಜುಲೈನಲ್ಲಿ ಉತ್ತರ ಭಾರತ ಕತ್ತಲಾದಾಗ ನಾವು ಬಚಾವಾದದ್ದು ದಕ್ಷಿಣದ ಗ್ರಿಡ್ ಬೇರೆಯಿದ್ದುದರಿಂದ. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಮಾರ್ಗದಿಂದ ಅದೂ ಒಂದಾಯಿತು. ಲಾಭ ದೊಡ್ಡದು, ಎಲ್ಲೋ ಆದ ದೋಷ ಇಲ್ಲಿಗೂ ತಲುಪುವ ದಾರಿಯೂ ತೆರೆಯಿತು.

ಬರ ಬಂದು ಅಣೆಕಟ್ಟುಗಳು ಬರಿದಾದರೆ ಬೇರೆಯೇ ಕಥೆ. 2023ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಕಲಂ ಬಳಸಿ, ಇಲ್ಲಿನ ಉತ್ಪಾದಕರು ಹೊರಗೆ ಮಾರದಂತೆ ತಡೆಯಿತು. ಸೇನೆಗೂ ಕರೆಂಟು ಬರುವುದು ಅದೇ ಎಸ್ಕಾಂ ತಂತಿಯಿಂದ; ಹೀಗೆ ರಾಜ್ಯ ತುರ್ತಿನಲ್ಲಿ ತೆಗೆದುಕೊಳ್ಳುವ ತೀರ್ಮಾನ ಶಿಬಿರದ ಗೇಟಿನವರೆಗೂ ಹೋಗುತ್ತದೆ.

ಇನ್ನೊಂದು ಕಡೆ ಘರ್ಷಣೆ ಆಕಾಶದಲ್ಲಿ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳಿವೆ. ಅದೇ ಜಿಲ್ಲೆಯ ಚಳ್ಳಕೆರೆ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ತಿರುಗುವ ರೆಕ್ಕೆಗಳು ರೇಡಾರಿನ ಪರದೆಯಲ್ಲಿ ಸುಳ್ಳು ಗುರುತು ಮೂಡಿಸಬಲ್ಲವು. ಎತ್ತರದ ಕಂಬ ವಿಮಾನಕ್ಕೆ ಅಡ್ಡಿ. ಅದಕ್ಕೇ ವಾಯುನೆಲೆಗಳ ಆಸುಪಾಸಿನಲ್ಲಿ ರಕ್ಷಣಾ ಸಚಿವಾಲಯದ ನಿರಾಕ್ಷೇಪಣಾ ಪತ್ರ ಬೇಕು. ಜಾಗ ಗೊತ್ತುಮಾಡಿ, ಜಮೀನು ಒಪ್ಪಂದ ಮುಗಿಸಿದ ಮೇಲೆ ಆ ಪತ್ರ ಸಿಗದಿದ್ದರೆ ಹಣವೂ ಹೋಯಿತು, ವರ್ಷಗಳೂ ಹೋದವು. ಅಮೆರಿಕದಲ್ಲಿ ಇದೇ ತಾಪತ್ರಯ ತಪ್ಪಿಸಲು 2011ರ ಹೊತ್ತಿಗೆ ರಕ್ಷಣಾ ಇಲಾಖೆಯಲ್ಲೇ ಒಂದು ಪ್ರತ್ಯೇಕ ಕಚೇರಿ ತೆರೆದರು. ಗಾಳಿ, ಸೌರ ಯೋಜನೆಗಳ ಜಾಗವನ್ನು ಅದು ಮೊದಲೇ ನೋಡುತ್ತದೆ. ನಮ್ಮಲ್ಲಿ ಸೇನೆಯ ಜಾಗದಲ್ಲೇ 300 ಮೆಗಾವಾಟ್ ಸೌರ ವಿದ್ಯುತ್ತಿನ ಯೋಜನೆಗೆ ಕೇಂದ್ರ 2015ರ ಸುಮಾರಿಗೆ ಒಪ್ಪಿಗೆ ಕೊಟ್ಟಿತ್ತು. ಒಳ್ಳೆಯದೇ, ಆದರೆ ರಾತ್ರಿಯ ಬೇಡಿಕೆಗೆ ಅದು ಉತ್ತರವಲ್ಲ.

ನನ್ನ ಅಭಿಪ್ರಾಯ ಇಷ್ಟು: ತೆರಿಗೆ ವಿನಾಯಿತಿ, ದರ, ಅನುಮತಿ, ಎಲ್ಲಕ್ಕೂ ನಿಯಮವಿದೆ. ಬೇಕಿರುವುದು ಇಂಧನ ಇಲಾಖೆಯೂ ಎಂಇಎಸ್ಸೂ ಮುಂದಿನ ಹತ್ತು ವರ್ಷದ ಬೇಡಿಕೆಯನ್ನು ಮುಂಚಿತವಾಗಿ ಕೂತು ಲೆಕ್ಕಹಾಕುವುದು. ಗುಟ್ಟಾಗಿಡಬೇಕಾದ್ದು ಗುಟ್ಟಾಗಿರಲಿ; ಇಂತಿಷ್ಟು ಮೆಗಾವಾಟ್, ಇಂಥ ಸಬ್‌ಸ್ಟೇಷನ್ ಎಂದು ಹೇಳಿದರೆ ದೇಶದ ರಹಸ್ಯವೇನೂ ಬಯಲಾಗದು. ಸೆಸ್ಕ್ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ; ಗ್ರಾಹಕರು ಯಾರೇ ಆದರೂ ಆಕ್ಷೇಪಣೆ ಬರೆದುಕೊಡಬಹುದು. ಮುಂದಿನ ಸಲ ಆ ಅರ್ಜಿಯನ್ನು ಒಮ್ಮೆ ತಿರುವಿಹಾಕಿ, ಸೇನೆಯ ಬೇಡಿಕೆಯನ್ನು ಮುಂಚಿತವಾಗಿ ಲೆಕ್ಕಹಾಕಿದ್ದಾರೆಯೇ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿ.