ಹೊಂಡದ ಹೆಗ್ಗಣಕ್ಕೆ ತೇಲುವ ಬೋನು

ಮಳೆ ನೆಚ್ಚಿದ ನಮ್ಮಂಥವರ ಶೇಂಗಾಕ್ಕೆ ಕೃಷಿ ಹೊಂಡದ ನೀರೇ ಆಸರೆ. ಹೆಗ್ಗಣ ಏರಿಯಲ್ಲಿ ಬಿಲ ತೋಡಿ ಹಾಳೆ ಕಡಿದರೆ ಅದೂ ಇಲ್ಲ. ಖಾನಾಪುರ ಕಡೆಯ ಭತ್ತದ ಗದ್ದೆಯಲ್ಲೂ ಇದೇ ಕಾಟ. ಬದು ಅಗಲವಿದ್ದಷ್ಟೂ ಅದಕ್ಕೆ ಮನೆ ಮಾಡಲು ಸಲೀಸು. ಹಿಡಿಯಲೆಂದು ಏರಿ ಅಗೆದರೆ ಏರಿಯೇ ಹೋಗುತ್ತದೆ. ಅದಕ್ಕೇ ಬೋನು.

ಹೆಗ್ಗಣ ಚಲೋ ಈಜುತ್ತದೆ. ಆದರೆ ಕೂತು ತಿನ್ನಲು ಒಣ ಜಾಗ ಬೇಕಲ್ಲ! ಅಮೆರಿಕದಲ್ಲಿ ಮಸ್ಕ್‌ರ‍್ಯಾಟ್ ಎಂಬ ನೀರಿಲಿಯನ್ನು ತೇಲುವ ಹಲಗೆ ಮೇಲೆ ಹಿಡಿಯುವುದೂ ಇದೇ ಗುಟ್ಟಿನಿಂದ.

4 ಅಡಿ ಉದ್ದದ 3 ಬಾಳೆದಿಂಡು ಜೋಡಿಸಿ, ಬಿದಿರು ಗೂಟ ಅಡ್ಡ ಚುಚ್ಚಿ, ಹುರಿಯಿಂದ ಬಿಗಿಯಿರಿ. ಮೇಲೆ ಹುಲ್ಲು ಹಾಸಿ, ಬೆಳಗಾವಿ ಪೇಟೆಯಲ್ಲಿ ಸಿಗುವ ತಂತಿ ಬೋನು ಕಟ್ಟಿ. (ಕಟ್ಟದಿದ್ದರೆ ಹೆಗ್ಗಣ ಸಮೇತ ಬೋನು ನೀರುಪಾಲು.) ಹತ್ತಲು ಒಂದು ಹಲಗೆ ತುಂಡು ಇಳಿಜಾರಾಗಿ ಇರಲಿ. ಹಗ್ಗವನ್ನು ಏರಿಯ ಹೊರಗಿನ ಗೂಟಕ್ಕೆ ಕಟ್ಟಿ. ಹಾಳೆಗೆ ಗೂಟ ಬಡಿಯಬೇಡಿ. ನೀರು ಇಳಿದಂತೆ ತೆಪ್ಪವೂ ಇಳಿಯಬೇಕು, ಹಗ್ಗ ಸಡಿಲ ಬಿಡಿ. ದಿಂಡು ಕೊಳೆಯುತ್ತದೆ, ಬಿರಡೆ ಬಿಗಿದ ಖಾಲಿ ಎಣ್ಣೆ ಡಬ್ಬಿಗಳಾದರೆ ಹೆಚ್ಚು ದಿನ ಬರುತ್ತವೆ.

ಹೆಗ್ಗಣಕ್ಕೆ ಸಂಶಯ ಜಾಸ್ತಿ. ಮೊದಲ 3-4 ರಾತ್ರಿ ಬಾಗಿಲು ಬೀಳದಂತೆ ಕಟ್ಟಿ, ಸುಟ್ಟ ಕೊಬ್ಬರಿ, ಹುರಿದ ಶೇಂಗಾ ಇಡಿ. ತಿಂದದ್ದು ಕಂಡ ಮೇಲೆ ಬೋನು ಹೂಡಿ, ಬೆಳಿಗ್ಗೆ ಬೇಗ ನೋಡಿ. ಸುಂಡಿಲಿ ಬಿದ್ದಿದ್ದರೆ ಬಿಟ್ಟುಬಿಡಿ, ಅದು ಹುಳ ತಿನ್ನುವ ಪ್ರಾಣಿ. ಬರಿಗೈಲಿ ಮುಟ್ಟಬೇಡಿ; ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಕಾಲಿಗೆ ಗಾಯವಿದ್ದರೆ ನೀರಿಗೂ ಇಳಿಯಬೇಡಿ. ತೆಪ್ಪದ ಮೇಲೆ ವಿಷ ಮಾತ್ರ ಇಡಬಾರದು, ದನ ಕುಡಿಯುವ ನೀರು.

ತೆಪ್ಪ ಎಲ್ಲಿ ನಿಲ್ಲಿಸಬೇಕು? ಸಂಜೆ ಎಲ್ಲಾ ಬಿಲ ಮುಚ್ಚಿ. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರ ಎದುರಿಗೇ ಎಳೆದು ನಿಲ್ಲಿಸಿ.